ಲಿನಕ್ಸ್ ಕೋಡನ್ನು ಯಾರು ಬೇಕಾದರೂ ತಿದ್ದಬಹುದಂತೆ! ಹಾಗಾದರೆ ನಿಮ್ಮ ಫೋನಿನ ಡ್ರೈವರ್ ಅನ್ನು ಪರಿಶೀಲಿಸುವವರು ಯಾರು?

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಒಂದು ಬಗೆಯ ಸಂದೇಶ ನಿಮಗೂ ಬಂದಿರಬಹುದು. ಅದರ ಸಾರ ಹೀಗಿರುತ್ತದೆ: "ಆಂಡ್ರಾಯ್ಡ್ ಫೋನಿನ ಒಳಗಿರುವುದು ಲಿನಕ್ಸ್. ಅದರ ಕೋಡ್ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಪ್ರಪಂಚದ ಯಾವ ಮೂಲೆಯಲ್ಲಿ ಕೂತವನು ಬೇಕಾದರೂ ಅದಕ್ಕೆ ಒಂದು ಸಾಲು ಸೇರಿಸಬಹುದು. ಸೇರಿಸಿದರೆ ನಿಮ್ಮ ಕ್ಯಾಮೆರಾ, ಮೈಕ್ ಎಲ್ಲ ಅವನ ಕೈಯಲ್ಲಿ!" ಇದಕ್ಕೆ ಉತ್ತರವಾಗಿ ಅದೇ ಗುಂಪಿನಲ್ಲಿರುವ ಕಂಪ್ಯೂಟರ್ ಬಲ್ಲವರೊಬ್ಬರು ಬರೆಯುತ್ತಾರೆ: "ಹಾಗೇನಿಲ್ಲ, ಸಾವಿರಾರು ಜನ ನೋಡಿರುತ್ತಾರೆ, ಲಿನಕ್ಸ್‌ನಲ್ಲಿ ತಪ್ಪೇ ಇರುವುದಿಲ್ಲ."

ಎರಡೂ ಪೂರ್ತಿ ನಿಜವಲ್ಲ. ಕೋಡ್ ಬಹಿರಂಗವಾಗಿದೆ ಎನ್ನುವುದು ಸರಿ, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು ಎನ್ನುವುದೂ ಸರಿ. ಆದರೆ ಕಳಿಸುವುದು ಬೇರೆ, ಅದು ಒಳಗೆ ಸೇರುವುದು ಬೇರೆ. ಈ ಎರಡರ ನಡುವೆ ಏನು ನಡೆಯುತ್ತದೆ, ಅಲ್ಲಿ ಏನು ಸಿಕ್ಕಿಬೀಳುತ್ತದೆ, ಏನು ನುಸುಳಿಹೋಗುತ್ತದೆ ಎಂದು ನೋಡೋಣ.

ಮೊದಲಿಗೆ, ಡ್ರೈವರ್ ಅಂದರೆ ಏನು?

ನಿಮ್ಮ ಫೋನಿನಲ್ಲಿ ಕ್ಯಾಮೆರಾ, ಟಚ್ ಸ್ಕ್ರೀನ್, ವೈಫೈ ಚಿಪ್, ಬ್ಯಾಟರಿ ಚಾರ್ಜ್ ಮಾಡುವ ಚಿಪ್, ವೈಬ್ರೇಟ್ ಆಗುವ ಪುಟ್ಟ ಮೋಟಾರ್, ಹೀಗೆ ಹತ್ತಾರು ಯಂತ್ರಭಾಗಗಳಿವೆ. ಒಂದೊಂದು ಒಂದೊಂದು ಕಂಪನಿಯದು, ಒಂದೊಂದಕ್ಕೂ ತನ್ನದೇ ಭಾಷೆ. ವಾಟ್ಸಾಪ್‌ಗೆ ಈ ಭಾಷೆಗಳು ಯಾವುದೂ ಗೊತ್ತಿಲ್ಲ. ಅದು "ಒಂದು ಫೋಟೋ ಬೇಕು" ಎಂದು ಆಪರೇಟಿಂಗ್ ಸಿಸ್ಟಂ ಅನ್ನು ಕೇಳುತ್ತದೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಆ ಮಾತನ್ನು ಆಯಾ ಚಿಪ್‌ಗೆ ಅರ್ಥವಾಗುವಂತೆ ಹೇಳಬೇಕು. ಈ ದುಭಾಷಿಯ ಕೆಲಸ ಮಾಡುವ ಕೋಡಿನ ತುಂಡೇ ಡಿವೈಸ್ ಡ್ರೈವರ್.

ಸಾಮಾನ್ಯ ಆಪ್ ಒಂದರಲ್ಲಿ ತಪ್ಪಾದರೆ ಆ ಆಪ್ ಮಾತ್ರ ಮುಚ್ಚಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಡ್ರೈವರ್ ಕರ್ನಲ್‌ನ ಒಳಗೇ, ಕರ್ನಲ್‌ಗೆ ಇರುವಷ್ಟೇ ಅಧಿಕಾರದಿಂದ ಓಡುತ್ತದೆ. ಅದರ ಕೈ ತಪ್ಪಿ ಪಕ್ಕದವರ ಮೆಮೊರಿಯಲ್ಲಿ ಒಂದು ಅಂಕಿ ಬರೆದರೆ ತಡೆಯುವವರಿಲ್ಲ. ಅದೃಷ್ಟವಿದ್ದರೆ ಫೋನ್ ರೀಸ್ಟಾರ್ಟ್ ಆಗುತ್ತದೆ. ಅದೃಷ್ಟವಿಲ್ಲದಿದ್ದರೆ ಆ ತಪ್ಪನ್ನೇ ಏಣಿ ಮಾಡಿಕೊಂಡು ಇನ್ನೊಬ್ಬ ಇಡೀ ಫೋನಿನ ಯಜಮಾನಿಕೆ ಪಡೆಯುತ್ತಾನೆ.

ಲಿನಕ್ಸ್ ಕರ್ನಲ್‌ನಲ್ಲಿ ಈಗ 3 ಕೋಟಿಗೂ ಹೆಚ್ಚು ಸಾಲುಗಳ ಕೋಡ್ ಇದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಡ್ರೈವರ್‌ಗಳೇ. ತಪ್ಪುಗಳು ಹೆಚ್ಚು ಸಿಗುವುದೂ ಅಲ್ಲೇ. 2001ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಲಿನಕ್ಸ್ ಕೋಡನ್ನು ಯಂತ್ರದಿಂದ ಶೋಧಿಸಿದಾಗ, ಡ್ರೈವರ್‌ಗಳಲ್ಲಿ ದೋಷದ ಪ್ರಮಾಣ ಕರ್ನಲ್‌ನ ಉಳಿದ ಭಾಗಕ್ಕಿಂತ 3ರಿಂದ 7 ಪಟ್ಟಿನವರೆಗೆ ಹೆಚ್ಚು ಎಂದು ಕಂಡುಬಂತು. ಹತ್ತು ವರ್ಷಗಳ ನಂತರ, 2011ರಲ್ಲಿ ಇನ್ನೊಂದು ತಂಡ ಅದೇ ಲೆಕ್ಕವನ್ನು ಮತ್ತೆ ಮಾಡಿದಾಗ ಡ್ರೈವರ್‌ಗಳ ಸ್ಥಿತಿ ಸಾಕಷ್ಟು ಸುಧಾರಿಸಿತ್ತು. ಈ ಸುಧಾರಣೆಯಲ್ಲಿ ದೋಷ ಹುಡುಕುವ ಯಂತ್ರಗಳ ಪಾಲೂ ಇದೆ, ಕೂತು ಓದುವ ಮನುಷ್ಯರ ಪಾಲೂ ಇದೆ ಎಂದು ನಮ್ಮ ಅನಿಸಿಕೆ.

ಒಂದು ಸಾಲು ಒಳಗೆ ಸೇರಬೇಕಾದರೆ

ಲಿನಕ್ಸ್ ಅನ್ನು 1991ರಲ್ಲಿ ಆರಂಭಿಸಿದ ಲಿನಸ್ ಟೋರ್ವಾಲ್ಡ್ಸ್ ಇಂದಿಗೂ ಅದರ ಮುಖ್ಯ ಪ್ರತಿಯ ಬಾಗಿಲು ಕಾಯುತ್ತಾರೆ. ನೀವು ಬರೆದ ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ. ಅದನ್ನು ಸಾದಾ ಇಮೇಲ್‌ನಲ್ಲಿ, ಎಲ್ಲರೂ ಓದಬಹುದಾದ ಜಾಗಕ್ಕೆ ಕಳಿಸಬೇಕು. ಅನಾಮಧೇಯರಾಗಿ ಕಳಿಸುವಂತಿಲ್ಲ. ಪ್ರತಿ ಪ್ಯಾಚಿನ ಕೊನೆಯಲ್ಲಿ "ಸೈನ್ಡ್ ಆಫ್ ಬೈ" ಎಂಬ ಸಾಲಿನಲ್ಲಿ ಹೆಸರು ಹಾಕಿ, ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂದು ಒಪ್ಪಿಕೊಳ್ಳಬೇಕು. ಈ ಪದ್ಧತಿ ಬಂದದ್ದು 2004ರಲ್ಲಿ.

ಕರ್ನಲ್‌ನ ಜೊತೆಗೇ ಒಂದು ದೊಡ್ಡ ಪಟ್ಟಿ ಇದೆ. ಯಾವ ಡ್ರೈವರ್‌ಗೆ ಯಾರು ಹೊಣೆ ಎಂದು ಅದರಲ್ಲಿ ಬರೆದಿದೆ. ಆ ಹೊಣೆಗಾರರನ್ನು ಮೇಂಟೇನರ್ ಎನ್ನುತ್ತಾರೆ. ಬ್ಯಾಟರಿ ಡ್ರೈವರ್‌ನ ಪ್ಯಾಚ್ ಬ್ಯಾಟರಿ ವಿಭಾಗದ ಮೇಂಟೇನರ್ ಬಳಿಗೆ, ವೈಫೈಯದು ವೈಫೈಯವರ ಬಳಿಗೆ. ಅವರು ಮತ್ತು ಆಸಕ್ತಿಯಿರುವ ಇತರರು ಸಾಲು ಸಾಲಾಗಿ ಓದಿ ಪ್ರಶ್ನೆ ಕೇಳುತ್ತಾರೆ. ಬರೆದವರು ತಿದ್ದಿ ಎರಡನೇ ಆವೃತ್ತಿ ಕಳಿಸುತ್ತಾರೆ. ಮತ್ತೆ ಪ್ರಶ್ನೆ, ಮೂರನೇ ಆವೃತ್ತಿ. ಹೊಸ ಡ್ರೈವರ್ ಒಂದು ಎಂಟು ಹತ್ತು ಆವೃತ್ತಿ ದಾಟುವುದು ಅಪರೂಪವೇನಲ್ಲ. ಬೆಂಗಳೂರಿನಲ್ಲಿ ಕಚೇರಿ ಇರುವ ಹಲವು ಚಿಪ್ ಕಂಪನಿಗಳ ಎಂಜಿನಿಯರ್‌ಗಳು ಕೂಡ ಇದೇ ಸಾಲಿನಲ್ಲಿ ನಿಂತು ತಮ್ಮ ಪ್ಯಾಚ್ ಕಳಿಸುತ್ತಾರೆ. ಕಂಪನಿಯ ಹೆಸರು ದೊಡ್ಡದು ಎಂದು ಇಲ್ಲಿ ರಿಯಾಯಿತಿ ಸಿಗುವುದಿಲ್ಲ.

ಮೇಂಟೇನರ್ ಒಪ್ಪಿದ ಮೇಲೆ ಪ್ಯಾಚ್ ಅವರ ಪ್ರತಿಗೆ ಸೇರುತ್ತದೆ. ಅಲ್ಲಿಂದ ಎಲ್ಲ ವಿಭಾಗಗಳ ಹೊಸ ಕೋಡನ್ನು ಒಟ್ಟುಗೂಡಿಸಿ ಪರೀಕ್ಷಿಸುವ ಇನ್ನೊಂದು ಪ್ರತಿಗೆ ಹೋಗುತ್ತದೆ. ಸುಮಾರು 9ರಿಂದ 10 ವಾರಗಳಿಗೊಮ್ಮೆ ಹೊಸ ಕರ್ನಲ್ ಬಿಡುಗಡೆಯಾಗುತ್ತದೆ. ಅದರ ಮೊದಲ ಎರಡು ವಾರ ಮಾತ್ರ ಟೋರ್ವಾಲ್ಡ್ಸ್ ಹೊಸ ಸಂಗತಿಗಳನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಉಳಿದ ವಾರಗಳೆಲ್ಲ ತಪ್ಪು ಹುಡುಕಿ ಸರಿಪಡಿಸುವುದಕ್ಕೆ. ನಡುವೆ ಯಂತ್ರಗಳೂ ಕೆಲಸ ಮಾಡುತ್ತಿರುತ್ತವೆ. ಇಂಟೆಲ್ ನಡೆಸುವ ಪರೀಕ್ಷಾ ರೋಬಾಟ್ ಪ್ಯಾಚುಗಳನ್ನು ಬೇರೆ ಬೇರೆ ಪ್ರೊಸೆಸರ್‌ಗಳಿಗೆ ಹೊಂದಿಸಿ ಕಟ್ಟಿ ನೋಡುತ್ತದೆ. ಗೂಗಲ್‌ನ ಸಿಜ್‌ಬಾಟ್ ಅಡ್ಡಾದಿಡ್ಡಿ ಆಜ್ಞೆಗಳನ್ನು ಕರ್ನಲ್ ಮೇಲೆ ಎಸೆದು ಎಲ್ಲಿ ಬೀಳುತ್ತದೆ ಎಂದು ಕಾಯುತ್ತದೆ.

ಆದ್ದರಿಂದ "ಯಾರೋ ಒಬ್ಬ ಒಂದು ಸಾಲು ಸೇರಿಸಿದರೆ" ಎನ್ನುವ ಮಾತು ಕೇಳುವಷ್ಟು ಸುಲಭವಲ್ಲ.

ಓದುವವರು ನಿಜವಾಗಿ ಏನನ್ನು ನೋಡುತ್ತಾರೆ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ, ಏಕೆಂದರೆ ಪರಿಶೀಲನೆ ಎಂದರೆ ಅಕ್ಷರದೋಷ ಹುಡುಕುವುದು ಎಂದು ಹಲವರು ತಿಳಿದಿದ್ದಾರೆ. ಸಾಲಿನ ಉದ್ದ, ಖಾಲಿ ಜಾಗ ಇತ್ಯಾದಿ ನೋಡಲು ಒಂದು ಪುಟ್ಟ ಸ್ಕ್ರಿಪ್ಟ್ ಸಾಕು. ಮನುಷ್ಯರ ಕಣ್ಣು ಬೇಕಾಗುವುದು ಬೇರೆಯದಕ್ಕೆ.

ಒಂದು ಸರಳ ಉದಾಹರಣೆ ತೆಗೆದುಕೊಳ್ಳೋಣ. ಬ್ಯಾಟರಿಯ ಪಕ್ಕ ಉಷ್ಣತೆ ಅಳೆಯುವ ಒಂದು ಚಿಪ್ ಇದೆ. ಅದು ಒಂದು ಡಿಗ್ರಿಯನ್ನು 16 ಭಾಗ ಮಾಡಿ, 12 ಬಿಟ್‌ಗಳ ಒಂದು ಸಂಖ್ಯೆಯಾಗಿ ಉಷ್ಣತೆಯನ್ನು ಹೇಳುತ್ತದೆ. ಅಂದರೆ 25 ಡಿಗ್ರಿ ಇದ್ದರೆ ಚಿಪ್ ಹೇಳುವ ಸಂಖ್ಯೆ 400. ಡ್ರೈವರ್ ಬರೆದವರು ಅದನ್ನು 16ರಿಂದ ಭಾಗಿಸಿ ಕಳಿಸಿದ್ದಾರೆ. ಪರೀಕ್ಷಿಸಿದ್ದಾರೆ, 25 ಎಂದು ಬಂದಿದೆ. ಎಲ್ಲ ಸರಿಯಾಗಿದೆಯಲ್ಲ?

ಪರಿಶೀಲಕರು ಚಿಪ್‌ನ ಕೈಪಿಡಿ ತೆರೆದು ಕೇಳುವ ಮೊದಲ ಪ್ರಶ್ನೆ: ಸೊನ್ನೆಗಿಂತ ಕೆಳಗೆ ಹೋದರೆ? ಇಂಥ ಚಿಪ್‌ಗಳು ಮೈನಸ್ 1 ಡಿಗ್ರಿಯನ್ನು 4080 ಎಂದು ಹೇಳುತ್ತವೆ. ಮೇಲಿನ ಬಿಟ್ ಮೈನಸ್ ಚಿಹ್ನೆ ಎಂಬುದನ್ನು ಡ್ರೈವರ್ ಗಮನಿಸದೆ 16ರಿಂದ ಭಾಗಿಸಿದರೆ ಉತ್ತರ 255 ಡಿಗ್ರಿ! ಬೆಂಗಳೂರಿನಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ಈ ತಪ್ಪು ಕಾಣುವುದಿಲ್ಲ. ಚಳಿಗಾಲದಲ್ಲಿ ಲೇಹ್‌ಗೆ ಹೋದವರ ಫೋನ್ ಮಾತ್ರ, ಕೈ ಮರಗಟ್ಟುವ ಚಳಿಯಲ್ಲಿ, ತಾನು ಬೆಂದುಹೋಗುತ್ತಿದ್ದೇನೆ ಎಂದುಕೊಂಡು ಆಫ್ ಆಗಬಹುದು.

ಎರಡನೆಯದು ಅಳತೆಯ ಏಕಮಾನ. ಲಿನಕ್ಸ್‌ನಲ್ಲಿ ಉಷ್ಣತೆ ನಿಯಂತ್ರಿಸುವ ವಿಭಾಗ ಡಿಗ್ರಿಯ ಸಾವಿರದ ಒಂದು ಭಾಗದಲ್ಲಿ ಲೆಕ್ಕ ಇಡುತ್ತದೆ. ಬ್ಯಾಟರಿ ವಿಭಾಗ ಡಿಗ್ರಿಯ ಹತ್ತನೇ ಒಂದು ಭಾಗದಲ್ಲಿ ಇಡುತ್ತದೆ. ಅಂದರೆ 36.5 ಡಿಗ್ರಿ ಒಂದು ಕಡೆ 36500, ಇನ್ನೊಂದು ಕಡೆ 365. ಒಂದರಿಂದ ನಕಲು ಮಾಡಿ ಇನ್ನೊಂದಕ್ಕೆ ಅಂಟಿಸಿದರೆ ನೂರು ಪಟ್ಟು ವ್ಯತ್ಯಾಸ. ಇದನ್ನು ಕಂಪ್ಯೂಟರ್ ಹಿಡಿಯುವುದಿಲ್ಲ, ಅದಕ್ಕೆ ಎರಡೂ ಬರೀ ಸಂಖ್ಯೆ. ಆ ವಿಭಾಗದಲ್ಲಿ ವರ್ಷಗಟ್ಟಲೆ ಪಳಗಿದವರ ಕಣ್ಣಿಗೆ ತಟ್ಟನೆ ಹೊಡೆಯುತ್ತದೆ.

ಮೂರನೆಯದು ಕಾಯುವ ಪ್ರಶ್ನೆ. ಚಿಪ್‌ಗೆ ಒಂದು ಕೆಲಸ ಹೇಳಿ, ಅದು ಮುಗಿಯುವವರೆಗೆ ಡ್ರೈವರ್ "ಆಯಿತೇ, ಆಯಿತೇ" ಎಂದು ಕೇಳುತ್ತಿರುತ್ತದೆ. ಚಿಪ್ ಉತ್ತರವನ್ನೇ ಕೊಡದಿದ್ದರೆ? ಕಂಪ್ಯೂಟರಿನ ಪಿಸಿಐ ಕಾರ್ಡ್ ಒಂದನ್ನು ಓಡುತ್ತಿರುವಾಗಲೇ ಕಿತ್ತರೆ, ಅದರಿಂದ ಓದುವ ಪ್ರತಿ ಬಿಟ್ಟೂ 1 ಎಂದೇ ಬರುತ್ತದೆ. "ಕೆಲಸ ನಡೆಯುತ್ತಿದೆ" ಎನ್ನುವುದಕ್ಕೆ 1 ಎಂಬ ಗುರುತಿದ್ದರೆ, ಇಲ್ಲದ ಕಾರ್ಡು ಯುಗಾಂತರದವರೆಗೂ ಕೆಲಸದಲ್ಲೇ ಇರುತ್ತದೆ, ಡ್ರೈವರ್ ಕಾಯುತ್ತಲೇ ಇರುತ್ತದೆ. ಆದ್ದರಿಂದ ಕಾಯುವ ಸುತ್ತಿಗೆ ಸಮಯದ ಮಿತಿ ಇದೆಯೇ ಎಂದು ನೋಡುವುದು ಪರಿಶೀಲಕರ ಕಾಯಂ ಅಭ್ಯಾಸ. ಅದಕ್ಕೆಂದೇ ಕರ್ನಲ್‌ನಲ್ಲಿ ಸಿದ್ಧ ಫಂಕ್ಷನ್‌ಗಳಿವೆ. ಅವನ್ನು ಬಿಟ್ಟು ತಾವೇ ಬರೆದುಕೊಂಡಿದ್ದರೆ "ಯಾಕೆ?" ಎಂಬ ಪ್ರಶ್ನೆ ಖಂಡಿತ.

ನಾಲ್ಕನೆಯದು ಹುಟ್ಟು ಮತ್ತು ಸಾವಿನ ಕ್ರಮ. ಡ್ರೈವರ್ ಆರಂಭವಾಗುವಾಗ ಮೆಮೊರಿ ಕೇಳುತ್ತದೆ, ಚಿಪ್‌ಗೆ ವಿದ್ಯುತ್ ಕೊಡಿಸುತ್ತದೆ, "ಚಿಪ್ ಕರೆದಾಗ ನನ್ನನ್ನು ಎಬ್ಬಿಸು" ಎಂದು ನೋಂದಾಯಿಸಿಕೊಳ್ಳುತ್ತದೆ. ಈ ಕರೆಗೆ ಇಂಟರಪ್ಟ್ ಎಂದು ಹೆಸರು. ನೋಂದಾಯಿಸಿದ ಮರುಕ್ಷಣವೇ ಇಂಟರಪ್ಟ್ ಬರಬಹುದು. ಮೆಮೊರಿ ಸಿದ್ಧವಾಗುವ ಮೊದಲೇ ನೋಂದಾಯಿಸಿದ್ದರೆ, ಒಲೆ ಹಚ್ಚುವ ಮೊದಲೇ ನೆಂಟರು ಊಟಕ್ಕೆ ಕೂತಂತೆ. ಬಿಡುವಾಗ ಇದೆಲ್ಲ ತಿರುಗುಮುರುಗಾಗಿ ನಡೆಯಬೇಕು: ಕೊನೆಗೆ ಪಡೆದದ್ದನ್ನು ಮೊದಲು ಬಿಡಬೇಕು. ಐದು ಹೆಜ್ಜೆಗಳಲ್ಲಿ ಮೂರನೆಯದು ವಿಫಲವಾದರೆ ಮೊದಲ ಎರಡನ್ನು ಮಾತ್ರ, ಅದೂ ಹಿಂದುಮುಂದಾಗಿ, ಬಿಡಿಸಬೇಕು. ಎಲ್ಲ ಸರಿಯಿದ್ದಾಗ ಈ ದಾರಿ ಯಾರೂ ತುಳಿಯುವುದಿಲ್ಲ, ಹಾಗಾಗಿ ಪರೀಕ್ಷೆಯಲ್ಲಿ ಸಿಗುವುದೂ ಇಲ್ಲ. ಓದಿಯೇ ಹಿಡಿಯಬೇಕು.

ಈ ತಾಪತ್ರಯ ಕಡಿಮೆ ಮಾಡಲು ಕರ್ನಲ್ ಒಂದು ಅನುಕೂಲ ಕೊಟ್ಟಿದೆ. ಡ್ರೈವರ್ ಹೊರಟ ಮೇಲೆ ಪಡೆದದ್ದನ್ನೆಲ್ಲ ತಾನೇ ಹಿಂದುಮುಂದಾಗಿ ಬಿಡಿಸುವ ಫಂಕ್ಷನ್‌ಗಳು ಅವು. ಆದರೆ ಅನುಕೂಲದಲ್ಲೂ ಒಂದು ಹಳ್ಳ ಇದೆ. ಇಂಟರಪ್ಟನ್ನು ಈ ತಾನಾಗಿ ಬಿಡಿಸುವ ವಿಧಾನದಲ್ಲಿ ಪಡೆದು, ಅದು ಬಳಸುವ ಮೆಮೊರಿಯನ್ನು ಮಾತ್ರ ಕೈಯಾರೆ ಬಿಟ್ಟರೆ, ಮೆಮೊರಿ ಮೊದಲು ಹೋಗುತ್ತದೆ, ಇಂಟರಪ್ಟ್ ಆಮೇಲೆ ಹೋಗುತ್ತದೆ. ನಡುವಿನ ಆ ಒಂದು ಚಿಟಿಕೆ ಹೊತ್ತಿನಲ್ಲಿ ಚಿಪ್ ಕರೆದರೆ ಡ್ರೈವರ್ ತನ್ನದಲ್ಲದ ಮೆಮೊರಿಗೆ ಕೈ ಹಾಕುತ್ತದೆ. ಬಿಟ್ಟ ಮನೆಗೆ ಹಳೆಯ ಬೀಗದ ಕೈ ಹಿಡಿದು ಹೋದಂತೆ, ಅಲ್ಲೀಗ ಬೇರೆಯವರಿದ್ದಾರೆ. ದಾಳಿಕೋರರಿಗೆ ಬಹಳ ಇಷ್ಟವಾದ ತಪ್ಪು ಇದು. ಬರೆದವರಿಗೂ ಓದಿದವರಿಗೂ ಒಂದೊಂದು ಸಾಲು ಸರಿಯಾಗಿಯೇ ಕಾಣುತ್ತದೆ, ತಪ್ಪಿರುವುದು ಎರಡು ಸಾಲುಗಳ ನಡುವಿನ ಸಂಬಂಧದಲ್ಲಿ.

ಇನ್ನೂ ಇವೆ. ಇಂಟರಪ್ಟ್ ನಿಭಾಯಿಸುವ ಹೊತ್ತಿನಲ್ಲಿ ನಿದ್ರಿಸುವಂತಿಲ್ಲ. ಯುಎಸ್‌ಬಿಗೆ ಚುಚ್ಚಿದ ಸಾಧನ "ನಾನು ಇಷ್ಟು ಉದ್ದದ ಮಾಹಿತಿ ಕಳಿಸುತ್ತೇನೆ" ಎಂದರೆ ಆ ಮಾತನ್ನು ನಂಬುವಂತಿಲ್ಲ, ಅಳೆದೇ ತೆಗೆದುಕೊಳ್ಳಬೇಕು. 2017ರಲ್ಲಿ ಗೂಗಲ್‌ನ ಸಿಜ್‌ಕಾಲರ್ ಎಂಬ ಪರೀಕ್ಷಾ ತಂತ್ರಾಂಶ ಸುಳ್ಳು ಹೇಳುವ ಯುಎಸ್‌ಬಿ ಸಾಧನದಂತೆ ನಟಿಸಿ ಲಿನಕ್ಸ್‌ನ ಯುಎಸ್‌ಬಿ ಡ್ರೈವರ್‌ಗಳಲ್ಲಿ ಹತ್ತಾರು ದೋಷಗಳನ್ನು ಹೊರಗೆಳೆಯಿತು. ಅವುಗಳಲ್ಲಿ ಹಲವು ವರ್ಷಗಳಿಂದ ಅಲ್ಲೇ ಇದ್ದವು, ಹಲವರು ಓದಿಯೂ ಇದ್ದರು. "ಸಾವಿರಾರು ಜನ ನೋಡಿರುತ್ತಾರೆ" ಎನ್ನುವವರು ಇದನ್ನು ನೆನಪಿಡಬೇಕು. ಒಂದು ಅಪರೂಪದ ಡ್ರೈವರ್ ಅನ್ನು ನಿಜವಾಗಿ ಓದುವವರು ಬಹಳವೆಂದರೆ ಮೂರು ನಾಲ್ಕು ಜನ. ಅವರಲ್ಲಿ ಆ ಚಿಪ್ ಕೈಯಲ್ಲಿರುವವರು ಎಷ್ಟೋ ಸಲ ಒಬ್ಬರೂ ಇರುವುದಿಲ್ಲ, ಕೈಪಿಡಿ ನೋಡಿಕೊಂಡೇ ಅಭಿಪ್ರಾಯ ಹೇಳುತ್ತಾರೆ.

ಬೇಕೆಂತಲೇ ಕಳ್ಳ ಸಾಲು ಸೇರಿಸಲು ನೋಡಿದವರಿಲ್ಲವೇ?

ಇದ್ದಾರೆ. 2003ರ ನವೆಂಬರ್‌ನಲ್ಲಿ ಲಿನಕ್ಸ್ ಕೋಡಿನ ಒಂದು ನಕಲು ಪ್ರತಿ ಇಟ್ಟಿದ್ದ ಸರ್ವರ್‌ಗೆ ಯಾರೋ ನುಗ್ಗಿ ಎರಡು ಸಾಲು ಸೇರಿಸಿದರು. ನೋಡುವುದಕ್ಕೆ ಅದು ಸಾಮಾನ್ಯ ತಪಾಸಣೆಯ ಸಾಲು: ಹೀಗೆ ಹೀಗೆ ಇದ್ದು, ಬಳಕೆದಾರರ ಸಂಖ್ಯೆ 0 ಆಗಿದ್ದರೆ ತಪ್ಪು ಎಂದು ಹೇಳು. ಲಿನಕ್ಸ್‌ನಲ್ಲಿ ಸಂಖ್ಯೆ 0 ಎಂದರೆ ಸರ್ವಾಧಿಕಾರಿ. ಸಿ ಭಾಷೆಯಲ್ಲಿ "ಆಗಿದೆಯೇ" ಎಂದು ಕೇಳಲು ಸಮ ಚಿಹ್ನೆಯನ್ನು ಎರಡು ಸಲ ಬರೆಯಬೇಕು. ಒಂದೇ ಸಲ ಬರೆದರೆ "ಆಗಲಿ" ಎಂದರ್ಥ. ಆ ಸಾಲಿನಲ್ಲಿದ್ದದ್ದು ಒಂದೇ ಸಮ ಚಿಹ್ನೆ. ಅಂದರೆ ನಿರ್ದಿಷ್ಟ ರೀತಿಯಲ್ಲಿ ಕರೆದ ಯಾವ ಪ್ರೋಗ್ರಾಂ ಆದರೂ ಆ ಯಂತ್ರದ ಸರ್ವಾಧಿಕಾರಿ ಆಗುತ್ತಿತ್ತು!

ಅದು ಸಿಕ್ಕಿಬಿದ್ದದ್ದು ಹೇಗೆ? ಮುಖ್ಯ ಪ್ರತಿಯಲ್ಲಿ ಪ್ರತಿ ಬದಲಾವಣೆಗೂ ಯಾರು, ಯಾವಾಗ, ಯಾಕೆ ಎಂಬ ದಾಖಲೆ ಇರುತ್ತದೆ. ನಕಲು ಪ್ರತಿಯಲ್ಲಿ ಕಂಡ ಈ ಬದಲಾವಣೆಗೆ ಮುಖ್ಯ ಪ್ರತಿಯಲ್ಲಿ ಜೋಡಿ ದಾಖಲೆ ಇರಲಿಲ್ಲ. ಲೆಕ್ಕ ತಾಳೆಯಾಗದಿದ್ದಾಗ ಹುಡುಕಿದರು, ಸಿಕ್ಕಿತು. ಅದು ಮುಖ್ಯ ಕರ್ನಲ್‌ಗೆ ಸೇರಲೇ ಇಲ್ಲ. ಗಮನಿಸಿ, ಅವನು ಪರಿಶೀಲನೆಯ ಬಾಗಿಲಿನಿಂದ ಬರಲಿಲ್ಲ, ಹಿತ್ತಲ ಗೋಡೆ ಹಾರಿ ಬಂದ.

ಬಾಗಿಲಿನಿಂದಲೇ ಬಂದವರ ಕಥೆಯೂ ಇದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಒಂದು ಪ್ರಯೋಗ ಮಾಡಿದರು. ಬೇರೆ ಹೆಸರಿನಲ್ಲಿ, ಒಳ್ಳೆಯ ತಿದ್ದುಪಡಿಯಂತೆ ಕಾಣುವ ಆದರೆ ಒಳಗೊಳಗೇ ದೋಷ ತರುವ ಪ್ಯಾಚುಗಳನ್ನು ಕಳಿಸಿ, ಪರಿಶೀಲಕರು ಹಿಡಿಯುತ್ತಾರೋ ಇಲ್ಲವೋ ಎಂದು ನೋಡಿದರು. ಪರಿಶೀಲಕರಿಗೆ ಇದು ಪ್ರಯೋಗ ಎಂದು ಹೇಳಿರಲಿಲ್ಲ. ವಿಷಯ ಹೊರಬಂದು, 2021ರ ಏಪ್ರಿಲ್‌ನಲ್ಲಿ ಹಿರಿಯ ಮೇಂಟೇನರ್ ಗ್ರೆಗ್ ಕ್ರೋವಾ ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದಿಂದ ಬರುವ ಕೊಡುಗೆಗಳನ್ನೇ ನಿಲ್ಲಿಸಿಬಿಟ್ಟರು. ಅಲ್ಲಿಂದ ಹಿಂದೆ ಬಂದಿದ್ದ 435 ಬದಲಾವಣೆಗಳನ್ನು ಸ್ವಯಂಸೇವಕರು ಮತ್ತೆ ಒಂದೊಂದಾಗಿ ಓದಿದರು. ಬಹುಪಾಲು ಸರಿಯಾಗಿಯೇ ಇದ್ದವು. ಪ್ರಯೋಗದ ದೋಷಪೂರಿತ ಪ್ಯಾಚುಗಳು ಕರ್ನಲ್‌ಗೆ ಸೇರಿರಲಿಲ್ಲ, ಅವನ್ನು ಪರಿಶೀಲಕರು ಹಿಡಿದಿದ್ದರು ಅಥವಾ ಉತ್ತರಿಸದೆ ಬಿಟ್ಟಿದ್ದರು ಎಂದು ಲಿನಕ್ಸ್ ಫೌಂಡೇಶನ್‌ನ ತಾಂತ್ರಿಕ ಸಲಹಾ ಮಂಡಳಿಯ ವರದಿ ಹೇಳಿತು. ಸಂಶೋಧಕರು ಕ್ಷಮೆ ಕೇಳಿ ಪ್ರಬಂಧ ಹಿಂದಕ್ಕೆ ಪಡೆದರು.

ಇದನ್ನು "ಲಿನಕ್ಸ್‌ಗೆ ವೈರಸ್ ಸೇರಿಸಿದ ವಿಶ್ವವಿದ್ಯಾಲಯ" ಎಂದು ಬರೆದು ಹಂಚಿದವರಿದ್ದಾರೆ. ಅದು ತಪ್ಪು. ಆದರೆ ಆ 435ರಲ್ಲಿ ಕೆಲವು, ಯಾವ ದುರುದ್ದೇಶವೂ ಇಲ್ಲದೆ ಬರೆದವು, ನಿಜವಾಗಿ ದೋಷ ಹೊಂದಿದ್ದು ಪರಿಶೀಲನೆ ದಾಟಿ ಒಳಗೆ ಬಂದಿದ್ದವು. ನಮಗೆ ಹೆಚ್ಚು ಯೋಚನೆಗೆ ಹಚ್ಚುವ ಭಾಗ ಅದು.

ಸಾಫ್ಟ್‌ವೇರ್ ಅಪ್ಡೇಟ್‌ನಿಂದ ಹಾರ್ಡ್‌ವೇರ್ ಕೆಡುತ್ತದೆಯೇ?

"ಅಪ್ಡೇಟ್ ಹಾಕಿದರೆ ಫೋನ್ ಸುಟ್ಟುಹೋಗುತ್ತದೆ" ಎಂಬ ಸಂದೇಶಗಳನ್ನು ನಾವು ಸಾಮಾನ್ಯವಾಗಿ ಪಕ್ಕಕ್ಕಿಡುತ್ತೇವೆ. ಆದರೆ ತಂತ್ರಾಂಶದ ತಪ್ಪಿನಿಂದ ಯಂತ್ರಭಾಗ ನಿರುಪಯುಕ್ತವಾದ ನಿಜ ಪ್ರಸಂಗವೊಂದು ಲಿನಕ್ಸ್ ಇತಿಹಾಸದಲ್ಲಿದೆ, ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು.

2008ರ ಸೆಪ್ಟೆಂಬರ್. ಲಿನಕ್ಸ್ 2.6.27 ಇನ್ನೂ ಪರೀಕ್ಷಾ ಹಂತದಲ್ಲಿತ್ತು. ಅದನ್ನು ಹಾಕಿಕೊಂಡ ಕೆಲವರ ಕಂಪ್ಯೂಟರ್‌ಗಳಲ್ಲಿ ಇಂಟೆಲ್‌ನ ನೆಟ್‌ವರ್ಕ್ ಚಿಪ್ ಸತ್ತುಹೋಗತೊಡಗಿತು. ರೀಸ್ಟಾರ್ಟ್ ಮಾಡಿದರೂ ಇಲ್ಲ, ಹಳೆಯ ಕರ್ನಲ್‌ಗೆ ಮರಳಿದರೂ ಇಲ್ಲ. ಚಿಪ್ ತನ್ನ ವಿಳಾಸ ಮತ್ತು ಸಂರಚನೆಯನ್ನು ಬರೆದಿಟ್ಟುಕೊಳ್ಳುವ, ವಿದ್ಯುತ್ ಹೋದರೂ ಅಳಿಯದ ಮೆಮೊರಿ ಕೆಟ್ಟುಹೋಗಿತ್ತು. ಚಿಪ್‌ಗೆ ತಾನು ಯಾರೆಂಬುದೇ ಮರೆತಂತೆ.

ಎಲ್ಲರೂ ಮೊದಲು ಅನುಮಾನಿಸಿದ್ದು ಆ ಚಿಪ್‌ನ ಡ್ರೈವರ್ ಆದ ಇ1000ಇ ಅನ್ನು. ಸಹಜ, ಚಿಪ್ ಜೊತೆ ಮಾತಾಡುವುದು ಅದೊಂದೇ. ಸಾಲು ಸಾಲು ಜಾಲಾಡಿದರು. ವಿತರಕರು ಪರೀಕ್ಷಾ ಆವೃತ್ತಿಗಳಲ್ಲಿ ಆ ಡ್ರೈವರ್ ಅನ್ನೇ ಮುಚ್ಚಿದರು. ಆದರೆ ನಿಜವಾದ ಕಾರಣ ಇದ್ದದ್ದು ಎಲ್ಲೋ ಬೇರೆ ಕಡೆ, ಎಫ್‌ಟ್ರೇಸ್ ಎಂಬ ಭಾಗದಲ್ಲಿ. ಕರ್ನಲ್ ಒಳಗೆ ಯಾವ ಫಂಕ್ಷನ್ ಯಾವಾಗ ಓಡುತ್ತದೆ ಎಂದು ಜಾಡು ಹಿಡಿಯುವ ಸಾಧನ ಅದು. ಅದಕ್ಕಾಗಿ ಕೋಡ್ ಇರುವ ಜಾಗಗಳನ್ನು ಗುರುತು ಹಾಕಿಟ್ಟುಕೊಂಡು ಆಮೇಲೆ ಅಲ್ಲಿಗೆ ಹೋಗಿ ತಿದ್ದುತ್ತಿತ್ತು. ಆರಂಭದಲ್ಲಿ ಮಾತ್ರ ಬೇಕಾಗುವ ಕೋಡನ್ನು ಕೆಲಸ ಮುಗಿದ ಮೇಲೆ ಕರ್ನಲ್ ಅಳಿಸಿ ಜಾಗ ಖಾಲಿ ಮಾಡುತ್ತದೆ. ಎಫ್‌ಟ್ರೇಸ್‌ನ ಪಟ್ಟಿಯಲ್ಲಿ ಮಾತ್ರ ಆ ಹಳೆಯ ವಿಳಾಸ ಉಳಿದಿತ್ತು. ಖಾಲಿಯಾದ ಅದೇ ವಿಳಾಸಕ್ಕೆ ನೆಟ್‌ವರ್ಕ್ ಚಿಪ್‌ನ ಅಳಿಯದ ಮೆಮೊರಿಯನ್ನು ಜೋಡಿಸಲಾಗಿತ್ತು.

ಹಾಗಿದ್ದರೂ ಎಫ್‌ಟ್ರೇಸ್ ಎಚ್ಚರಿಕೆಯಿಂದಲೇ ಬರೆಯುತ್ತಿತ್ತು: "ಇಲ್ಲಿ ನಾನು ಅಂದುಕೊಂಡ ಅಂಕಿ ಇದ್ದರೆ ಮಾತ್ರ ಬದಲಿಸು" ಎಂದು ಪ್ರೊಸೆಸರ್‌ಗೆ ಒಂದೇ ಆಜ್ಞೆಯಲ್ಲಿ ಹೇಳುತ್ತಿತ್ತು. ಇಲ್ಲೇ ಎಡವಟ್ಟು. ಅಂಕಿ ಹೊಂದದಿದ್ದಾಗ ಆ ಆಜ್ಞೆ ಸುಮ್ಮನೆ ವಾಪಸಾಗುವುದಿಲ್ಲ, ಓದಿದ ಹಳೆಯ ಅಂಕಿಯನ್ನೇ ಮತ್ತೆ ಅಲ್ಲಿ ಬರೆಯುತ್ತದೆ. ಸಾಮಾನ್ಯ ಮೆಮೊರಿಯಲ್ಲಿ ಇದರಿಂದ ಏನೂ ಆಗದು. ಚಿಪ್‌ನ ವಿಳಾಸಕ್ಕೆ ಬರೆದರೆ ಮಾತ್ರ ಪ್ರತಿ ಬರಹವೂ ಒಂದು ಆಜ್ಞೆ. ಚಿಪ್ ಅದನ್ನು ಪಾಲಿಸಿ ತನ್ನ ಮೆಮೊರಿಯನ್ನು ತಾನೇ ಕೆಡಿಸಿಕೊಂಡಿತು.

2008ರ ಅಕ್ಟೋಬರ್ 9ರಂದು 2.6.27 ಬಿಡುಗಡೆಯಾಗುವಾಗ ಚಿಪ್‌ನ ಆ ಮೆಮೊರಿಗೆ ಬರೆಯಲಾಗದಂತೆ ಬೀಗ ಹಾಕುವ ತಿದ್ದುಪಡಿ ಸೇರಿತ್ತು. ಬೆನ್ನಲ್ಲೇ ಬಂದ 2.6.27.1ರಲ್ಲಿ ಎಫ್‌ಟ್ರೇಸ್‌ನ ಆ ಸೌಲಭ್ಯವನ್ನು ಮುಚ್ಚಲಾಯಿತು. ಡ್ರೈವರ್ ಅನ್ನು ಎಷ್ಟು ಚೆನ್ನಾಗಿ ಓದಿದ್ದರೂ ಈ ತಪ್ಪು ಅಲ್ಲಿ ಸಿಗುತ್ತಿರಲಿಲ್ಲ, ಎಫ್‌ಟ್ರೇಸ್ ಅನ್ನು ಓದಿದವರಿಗೆ ನೆಟ್‌ವರ್ಕ್ ಚಿಪ್ ನೆನಪಾಗಲು ಕಾರಣವಿರಲಿಲ್ಲ. ಪರೀಕ್ಷಾ ಆವೃತ್ತಿಯನ್ನು ಹಾಕಿಕೊಂಡು ಪೆಟ್ಟು ತಿಂದು ವರದಿ ಮಾಡಿದವರಿಂದಾಗಿ ಕೋಟ್ಯಂತರ ಯಂತ್ರಗಳು ಬಚಾವಾದವು.

ಹಾಗಂತ ನಿಮ್ಮ ಫೋನಿಗೆ ಅಪ್ಡೇಟ್ ಬೇಡ ಎಂದಲ್ಲ. ಅದೇಕೆ ಎಂದು ಮುಂದೆ ಹೇಳುತ್ತೇವೆ.

ಪರಿಶೀಲನೆಯ ದಾರಿ ತಪ್ಪಿಸಿಕೊಂಡರೆ?

2024ರ ಜುಲೈ 19 ನೆನಪಿದೆಯೇ? ಅಂದು ಪ್ರಪಂಚದಾದ್ಯಂತ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ನೀಲಿ ಪರದೆ ಬಂದು, ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅದು ಸೈಬರ್ ದಾಳಿಯಾಗಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶ ವಿಂಡೋಸ್ ಕರ್ನಲ್ ಒಳಗೆ ಡ್ರೈವರ್ ರೂಪದಲ್ಲಿ ಓಡುತ್ತದೆ. ಡ್ರೈವರ್‌ಗೆ ಪರೀಕ್ಷೆಯ ಘಟ್ಟಗಳಿದ್ದವು. ಆದರೆ ಅದು ಓದುವ ಮಾಹಿತಿ ಕಡತವನ್ನು ಕೋಡ್ ಎಂದು ಪರಿಗಣಿಸದೆ ಬೇರೆ ದಾರಿಯಲ್ಲಿ ಕ್ಷಣಾರ್ಧದಲ್ಲಿ ಎಲ್ಲರಿಗೂ ಕಳಿಸುತ್ತಿದ್ದರು. ಅಂದು ಹೋದ ಕಡತ 21ನೇ ಮಾಹಿತಿಯನ್ನು ನೋಡು ಎಂದಿತು, ಡ್ರೈವರ್ ಕೈಯಲ್ಲಿದ್ದದ್ದು 20 ಮಾತ್ರ. ಇಲ್ಲದ ಜಾಗಕ್ಕೆ ಕೈ ಹಾಕಿತು, ಕರ್ನಲ್ ಬಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಹಾಗಾದರೆ ನಮ್ಮ ಫೋನಿನ ಕಥೆ ಏನು?

ಮೇಲಿನ ಫಾರ್ವರ್ಡ್ ಹೇಳುವ ಭಯಕ್ಕಿಂತ ಬೇರೆಯದೇ ಒಂದು ಸಮಸ್ಯೆ ಇಲ್ಲಿದೆ. ನಿಮ್ಮ ಫೋನಿನ ಕರ್ನಲ್ ಲಿನಕ್ಸ್ ನಿಜ. ಆದರೆ ಅದರಲ್ಲಿರುವ ಕ್ಯಾಮೆರಾ, ಗ್ರಾಫಿಕ್ಸ್, ಮೋಡೆಮ್ ಮುಂತಾದ ಹಲವು ಡ್ರೈವರ್‌ಗಳನ್ನು ಚಿಪ್ ಕಂಪನಿಗಳೂ ಫೋನ್ ಕಂಪನಿಗಳೂ ತಾವೇ ಬರೆದು ತಾವೇ ಸೇರಿಸುತ್ತವೆ. ಅವು ನಾವು ಹೇಳಿದ ಎಂಟು ಹತ್ತು ಆವೃತ್ತಿಗಳ ಬಹಿರಂಗ ಪರಿಶೀಲನೆ ದಾಟಿ ಬಂದವಲ್ಲ, ಆಯಾ ಕಂಪನಿಯ ಒಳಗೆ ಎಷ್ಟು ನೋಡಿದರೋ ಅಷ್ಟೇ. ಹೊಸ ಮಾದರಿಯನ್ನು ಬೇಗ ಮಾರುಕಟ್ಟೆಗೆ ತರುವ ಆತುರ ಬೇರೆ. ಆದ್ದರಿಂದ "ಎಲ್ಲರಿಗೂ ಕಾಣುವ ಕೋಡ್ ಅಪಾಯ" ಎನ್ನುವುದು ಬಹುಮಟ್ಟಿಗೆ ಉಲ್ಟಾ ಮಾತು. ಹೆಚ್ಚು ಜನ ಓದಿರದ ಕೋಡಿನ ಬಗ್ಗೆಯೇ ನಮಗೆ ಹೆಚ್ಚು ಚಿಂತೆ.

ತಪ್ಪು ಸಿಕ್ಕಿ, ಸರಿಪಡಿಸಿದ ಮೇಲೂ ಅದು ನಿಮ್ಮ ಕೈಗೆ ತಲುಪಬೇಕಲ್ಲ? ಇಲ್ಲೊಂದು ಪಾಠವಾಗುವಂಥ ಪ್ರಸಂಗವಿದೆ. ಆಂಡ್ರಾಯ್ಡ್‌ನಲ್ಲಿ ಆಪ್‌ಗಳು ಪರಸ್ಪರ ಮಾತಾಡಲು ಬೈಂಡರ್ ಎಂಬ ಡ್ರೈವರ್ ಇದೆ. ಇದು ಯಾವ ಚಿಪ್‌ನದೂ ಅಲ್ಲ, ಆದರೂ ಡ್ರೈವರ್‌ಗಳ ಕಪಾಟಿನಲ್ಲೇ ಕೂತಿದೆ. ಅದರಲ್ಲಿ, ಆಗ ಹೇಳಿದ ಹಳೆಯ ಬೀಗದ ಕೈ ಬಗೆಯ ತಪ್ಪೊಂದನ್ನು 2017ರ ನವೆಂಬರ್‌ನಲ್ಲಿ ಸಿಜ್‌ಬಾಟ್ ಪತ್ತೆ ಮಾಡಿತು. 2018ರ ಫೆಬ್ರವರಿಯಲ್ಲಿ ಸರಿಪಡಿಸಲಾಯಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ತಿದ್ದುಪಡಿ ಈಗಾಗಲೇ ಮಾರಾಟವಾಗಿದ್ದ ಹಲವು ಫೋನ್‌ಗಳಿಗೆ ಹೋಗಲೇ ಇಲ್ಲ, ಗೂಗಲ್‌ನದೇ ಪಿಕ್ಸೆಲ್ 2 ಸೇರಿದಂತೆ. 2019ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ, ಈ ತಪ್ಪನ್ನು ಬಳಸಿ ನಿಜವಾದ ದಾಳಿಗಳು ನಡೆಯುತ್ತಿರುವ ಸುಳಿವು ಸಿಕ್ಕಿದೆ ಎಂದು ಬಹಿರಂಗಪಡಿಸಿತು. ಆಮೇಲಷ್ಟೇ ಆ ತಿಂಗಳ ಭದ್ರತಾ ಅಪ್ಡೇಟ್‌ನಲ್ಲಿ ಪರಿಹಾರ ಬಂತು. ಔಷಧ ಕಪಾಟಿನಲ್ಲಿತ್ತು, ರೋಗಿಗೆ ಕೊಟ್ಟಿರಲಿಲ್ಲ.

ಇಂಥ ಅಂತರ ಕಡಿಮೆ ಮಾಡಲು ಗೂಗಲ್, ಆಂಡ್ರಾಯ್ಡ್ 12 ಮತ್ತು ಕರ್ನಲ್ 5.10ರಿಂದ ಆಚೆಗೆ ಹೊಸ ಫೋನ್‌ಗಳಲ್ಲಿ ಕರ್ನಲ್‌ನ ತಿರುಳನ್ನು ಎಲ್ಲರಿಗೂ ಒಂದೇ ಮಾಡಿ, ಕಂಪನಿಗಳ ಡ್ರೈವರ್‌ಗಳನ್ನು ಬೇರೆ ತುಂಡುಗಳಾಗಿ ಇರಿಸುವ ಪದ್ಧತಿ ತಂದಿದೆ. ತಿರುಳಿನ ತಿದ್ದುಪಡಿ ಬೇಗ ತಲುಪಲು ಇದು ಸಹಾಯಕ. ಕಂಪನಿಯ ಡ್ರೈವರ್ ಮಾತ್ರ ಕಂಪನಿಯ ಹೊಣೆಯಾಗಿಯೇ ಉಳಿದಿದೆ.

ನಿಮ್ಮ ಫೋನಿನಲ್ಲಿ ನೋಡುವುದು ಹೇಗೆ?

ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ಒತ್ತಿ. ಕೆಲವು ಫೋನ್‌ಗಳಲ್ಲಿ ಅದರೊಳಗೆ ಆಂಡ್ರಾಯ್ಡ್ ವರ್ಷನ್ ಅಥವಾ ಸಾಫ್ಟ್‌ವೇರ್ ಇನ್ಫಾರ್ಮೇಶನ್ ಎಂದು ಇನ್ನೊಂದು ಪುಟವಿರುತ್ತದೆ. ಅಲ್ಲಿ ಕರ್ನಲ್ ವರ್ಷನ್ ಎಂಬ ಸಾಲಿನಲ್ಲಿ 5.10, 5.15, 6.1 ಹೀಗೆ ಆರಂಭವಾಗುವ ಉದ್ದನೆಯ ಸಂಖ್ಯೆ ಕಾಣುತ್ತದೆ. ಅದೇ ನಿಮ್ಮ ಫೋನಿನ ಲಿನಕ್ಸ್. ಸಂಖ್ಯೆ ಹಳೆಯದು ಎಂದ ಮಾತ್ರಕ್ಕೆ ಗಾಬರಿ ಬೇಡ, ಹಳೆಯ ಆವೃತ್ತಿಗಳಿಗೂ ತಿದ್ದುಪಡಿಗಳನ್ನು ಹಿಂದಕ್ಕೆ ಒಯ್ದು ಸೇರಿಸುತ್ತಾರೆ.

ಹೆಚ್ಚು ಮುಖ್ಯವಾದದ್ದು ಅದೇ ಪುಟದಲ್ಲಿರುವ ಆಂಡ್ರಾಯ್ಡ್ ಸೆಕ್ಯುರಿಟಿ ಅಪ್ಡೇಟ್ ಎಂಬ ದಿನಾಂಕ. ಈ ದಿನಾಂಕಗಳಲ್ಲಿ ಬಹುತೇಕ ಯಾರೂ ಗಮನಿಸದ ಒಂದು ಗುಟ್ಟಿದೆ. ಅದು ಸಾಮಾನ್ಯವಾಗಿ ತಿಂಗಳ 1ನೇ ತಾರೀಕು ಅಥವಾ 5ನೇ ತಾರೀಕು ಆಗಿರುತ್ತದೆ. 1 ಎಂದಿದ್ದರೆ ಆ ತಿಂಗಳು ಪ್ರಕಟವಾದ ಆಂಡ್ರಾಯ್ಡ್‌ನ ಸಾಮಾನ್ಯ ಭಾಗಗಳ ತಿದ್ದುಪಡಿಗಳು ಸೇರಿವೆ ಎಂದರ್ಥ. 5 ಎಂದಿದ್ದರೆ ಅವುಗಳ ಜೊತೆಗೆ ಕರ್ನಲ್ ಮತ್ತು ಚಿಪ್ ಕಂಪನಿಗಳ ಡ್ರೈವರ್‌ಗಳ ತಿದ್ದುಪಡಿಗಳೂ ಸೇರಿವೆ. ಬೈಂಡರ್ ಪ್ರಸಂಗ ನಡೆದ 2019ರ ಅಕ್ಟೋಬರ್‌ನಲ್ಲಿ ಅದೊಂದಕ್ಕಾಗಿಯೇ 6ನೇ ತಾರೀಕಿನ ಇನ್ನೊಂದು ಹಂತವನ್ನು ಸೇರಿಸಬೇಕಾಯಿತು.

ನಿಮ್ಮ ಫೋನಿನ ದಿನಾಂಕ ಒಂದು ವರ್ಷಕ್ಕಿಂತ ಹಳೆಯದಾಗಿದ್ದು, "ನಿಮ್ಮ ಫೋನ್ ಅಪ್ ಟು ಡೇಟ್ ಆಗಿದೆ" ಎಂದೇ ಅದು ಹೇಳುತ್ತಿದ್ದರೆ, ಕಂಪನಿ ಆ ಮಾದರಿಗೆ ಅಪ್ಡೇಟ್ ಕಳಿಸುವುದನ್ನು ನಿಲ್ಲಿಸಿರುವ ಸಾಧ್ಯತೆ ಹೆಚ್ಚು. ಅಂಥ ಫೋನಿನಲ್ಲಿ ಬ್ಯಾಂಕ್ ಮತ್ತು ಯುಪಿಐ ಆಪ್‌ಗಳನ್ನು ಇಟ್ಟುಕೊಳ್ಳುವ ಬಗ್ಗೆ ಮತ್ತೆ ಯೋಚಿಸಿ, ಅಪರಿಚಿತರು ಕಳಿಸಿದ ಎಪಿಕೆ ಕಡತವನ್ನಂತೂ ಯಾವ ಕಾರಣಕ್ಕೂ ಹಾಕಿಕೊಳ್ಳಬೇಡಿ. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಜೊತೆಗೆ, ಭದ್ರತಾ ಅಪ್ಡೇಟ್ ಎಷ್ಟು ವರ್ಷ ಕೊಡುತ್ತಾರೆ ಎಂದೂ ಅಂಗಡಿಯವರನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಆ ಮಾದರಿಯ ಹೆಸರು ಹುಡುಕಿ ನೋಡಿ.